ಲೇಸು ಕಟ್ಟಲು ಹೋಗಿ ಹೆದರಿದ್ದು

ಭೂತ ಪ್ರೇತಗಳ ವಿಷಯದಲ್ಲಿ ನನಗೆ ಅಂಥ ಆಸಕ್ತಿ ಇಲ್ಲ. ನನ್ನ ವಿಷಯದಲ್ಲಿ ಅವಕ್ಕೆ ಇರಬೇಕು. ಇಲ್ಲವಾದರೆ ಶೂ ಮಾರಿಕೊಂಡು ತಿರುಗುವ ಸಾಧಾರಣ ಮನುಷ್ಯನೊಬ್ಬ ಮೂರು ತಾಲೂಕುಗಳಲ್ಲಿ ಮತ್ತೆ ಮತ್ತೆ ಹೀಗೆ ಬೆವರಬೇಕಾದ ಕಾರಣವೇ ಇಲ್ಲ.

ನನ್ನ ಮನೆ ಪುತ್ತೂರಿನಲ್ಲಿ. ಕಂಪನಿಯೊಂದರ ಶೂಗಳನ್ನು ಪುತ್ತೂರು, ಸುಳ್ಯ, ಕಡಬದ ಅಂಗಡಿಗಳಿಗೆ ತೋರಿಸಿ ಆರ್ಡರ್ ಹಿಡಿಯುವುದು ನನ್ನ ಕೆಲಸ. ಈಗ ಕೆಲವು ವರ್ಷಗಳಿಂದ ಎಲ್ಲರೂ ಕೇಳುವುದು ಹೈ ಟಾಪ್. ಅಂದರೆ ಕಾಲಿನ ಗಂಟನ್ನೂ ಮುಚ್ಚಿಕೊಂಡು ಮೇಲಕ್ಕೆ ಬರುವ ಶೂ. ಅದಕ್ಕೆ ತೂತುಗಳು ಜಾಸ್ತಿ, ಲೇಸು ಉದ್ದ, ಕಟ್ಟುವ ಬಗೆಯೂ ಹಲವಾರು. ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯಿಸಿ ಕಟ್ಟುವವರಿದ್ದಾರೆ. ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಎಳೆಯುವವರಿದ್ದಾರೆ. ಕಾಲೇಜಿನ ಹುಡುಗರಿಗೆ ಮೇಲಿನ ತೂತುಗಳನ್ನು ಖಾಲಿ ಬಿಟ್ಟು, ಶೂವಿನ ನಾಲಗೆ ಹೊರಗೆ ಹಾಕಿ, ಈಗಷ್ಟೇ ಹಾಸಿಗೆಯಿಂದ ಎದ್ದು ಬಂದವರ ಹಾಗೆ ನಡೆಯುವುದೇ ಸ್ಟೈಲ್. ಪಾದ ಅಗಲ ಇದ್ದವರಿಗೆ ಒಂದು ಕ್ರಮ, ಹಿಮ್ಮಡಿ ಜಾರುವವರಿಗೆ ಇನ್ನೊಂದು. ಇದನ್ನೆಲ್ಲ ಅಂಗಡಿಯವರ ಮುಂದೆ ಕೂತು ಕಟ್ಟಿ ತೋರಿಸಬೇಕು. ತೋರಿಸಿದರೆ ಮಾಲು ಹೋಗುತ್ತದೆ. ಜೊತೆಗೆ ಕೆಳಗೆ ಹೇಳುವಂಥದ್ದೂ ಆಗುತ್ತದೆ.

ಬ್ಯಾಗಿನೊಳಗಿನ ಕಾಲುಗಳು

ನಮ್ಮ ಕಂಪನಿಯವರು ಸ್ಯಾಂಪಲ್ ಅಂತ ಕೊಡುವುದು ಜೊತೆಯನ್ನಲ್ಲ, ಒಂದೊಂದು ಕಾಲಿನದ್ದು ಮಾತ್ರ. ಹೊರುವ ಭಾರ ಕಡಿಮೆ, ಕದಿಯುವವರಿಗೆ ಪ್ರಯೋಜನವೂ ಇಲ್ಲ. ಆ ಸಲ ಕೊಟ್ಟದ್ದು ಎಲ್ಲ ಬಲಗಾಲಿನವು. ಹೈ ಟಾಪ್ ಮಡಚಿ ಬಿದ್ದರೆ ಚಂದ ಕಾಣುವುದಿಲ್ಲ ಅಂತ ನಾನು ಒಳಗೆ ಮೈಬಣ್ಣದ ಪ್ಲಾಸ್ಟಿಕ್ ಕಾಲು ತುರುಕಿ, ಆ ಕಾಲಿಗೆ ಸಾಕ್ಸನ್ನೂ ಹಾಕಿ, ಒಂದೊಂದಕ್ಕೆ ಒಂದೊಂದು ನಮೂನೆ ಲೇಸು ಕಟ್ಟಿ ಬ್ಯಾಗಿನಲ್ಲಿ ನಿಲ್ಲಿಸಿದ್ದೆ.

ಪುತ್ತೂರಿನಿಂದ ಕಡಬಕ್ಕೆ ಹೋಗುವ ಪ್ರೈವೇಟ್ ಬಸ್. ನಡುವೆ ಒಂದು ಕಡೆ ಚಹಾ ಕುಡಿಯಲು ಇಳಿದೆ. ಚಹಾ ಬಿಸಿ ಇತ್ತು, ಡ್ರೈವರಿಗೆ ಅವಸರ ಇತ್ತು. ನಾನು ಗ್ಲಾಸು ಕೆಳಗಿಡುವಾಗ ಬಸ್ ತಿರುವಿನಲ್ಲಿ ಮಾಯವಾಗಿತ್ತು, ಅದರೊಳಗೆ ನನ್ನ ಬ್ಯಾಗೂ.

ಹಿಂದಿನಿಂದ ಬಂದ ಜೀಪು ಹಿಡಿದು ಕಡಬ ಮುಟ್ಟಿದೆ. ಬಸ್ ನಿಲ್ಲುವಲ್ಲಿ ಜನವೋ ಜನ. ಆದರೆ ಗದ್ದಲವೇ ಇಲ್ಲ. ಇಷ್ಟು ಜನ ಸೇರಿದ ಕಡೆ ಇಷ್ಟು ನಿಶ್ಶಬ್ದ ಇರುವುದನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ಕಂಡವನು. ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಇನ್ನೊಬ್ಬರು ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ನಾನು ಬ್ಯಾಗಿನ ಚಿಂತೆ ಮರೆತು ಪಕ್ಕದವರನ್ನು ಕೇಳಿದೆ, "ಎಂತ ಆಯ್ತು ಮಾರಾಯ್ರೆ?"

ಅವರು ನನ್ನ ಕಿವಿಯ ಹತ್ತಿರ ಬಂದು ಹೇಳಿದರು, "ಬಸ್ಸಿನಲ್ಲಿ ಯಾರೋ ಬ್ಯಾಗ್ ಬಿಟ್ಟು ಹೋಗಿದ್ದಾರೆ. ಅದರ ತುಂಬ ಕಾಲು!"

"ಕಾಲಾ?"

"ಕಾಲು. ಸಾಕ್ಸ್ ಹಾಕಿದ್ದು, ಶೂ ಹಾಕಿದ್ದು, ಲೇಸೂ ಕಟ್ಟಿದ್ದು. ಕಾಲಿನ ಗಂಟಿನ ಮೇಲೆ ಕತ್ತರಿಸಿದ್ದಂತೆ."

ಇಂಥ ಊರಿನಲ್ಲಿಯೂ ಇಂಥದ್ದಾ ಅಂತ ನಾನು ನಿಜವಾಗಿಯೂ ಹೆದರಿದೆ. "ಪಾಪ, ಯಾರದ್ದೋ ಎಂತೋ" ಅಂದೆ.

"ಒಬ್ಬರದ್ದಲ್ಲ. ಎಲ್ಲ ಬಲಗಾಲೇ ಅಂತೆ. ಒಂದೂ ಎಡಗಾಲಿಲ್ಲ."

ಆಗ ನನ್ನ ತಲೆಯೊಳಗೆ ಬೆಳಕು ಬಿತ್ತು. ಜನರನ್ನು ಸರಿಸಿಕೊಂಡು ಮುಂದೆ ಹೋಗಿ, "ಸ್ವಲ್ಪ ಬಿಡಿ, ಅದು ನನ್ನದು" ಅಂದೆ. ಬಿಟ್ಟರು. ತುಂಬಾ ದೂರ ಬಿಟ್ಟರು. ಎಲ್ಲರ ಕಣ್ಣೂ ಮೊದಲು ನನ್ನ ಮುಖ ನೋಡಿತು, ಆಮೇಲೆ ಕೆಳಗಿಳಿದು ನನ್ನ ಕಾಲು ನೋಡಿತು. ಕಂಡಕ್ಟರ್ ಬಸ್ಸಿನ ಮೆಟ್ಟಿಲಿನಿಂದ ಇಳಿಯಲೇ ಇಲ್ಲ. ಅಷ್ಟರಲ್ಲಿ ಬಂದ ಪೊಲೀಸಿನವರು ನನ್ನ ಕೈ ಹಿಡಿದುಕೊಂಡು, ಸ್ವರ ತಗ್ಗಿಸಿ ಕೇಳಿದರು, "ಎಡಗಾಲು ಎಲ್ಲಿ?"

ನಾನು ಗಾಬರಿಯಲ್ಲಿ ಇದ್ದ ಸತ್ಯವನ್ನೇ ಹೇಳಿದೆ.

"ಮಂಗಳೂರಿನ ಗೋಡೌನಿನಲ್ಲಿ ಉಂಟು ಸಾರ್."

ಗೇಟಿನ ಬಳಿ ಬಿದ್ದದ್ದು

ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ನಿವೃತ್ತ ಟೀಚರ್. ಧೈರ್ಯದ ಹೆಂಗಸು, ಹಾವು ಬಂದರೂ ಪೊರಕೆ ಹಿಡಿದು ಹೊರಗೆ ಕಳಿಸುವವರು. ಅವರು ಒಂದು ಬೆಳಿಗ್ಗೆ ನಮ್ಮ ಬೇಲಿಯ ಹತ್ತಿರ ಬಂದು, "ನೀವು ಒಮ್ಮೆ ಬನ್ನಿ. ಒಬ್ಬಳೇ ನೋಡುದಕ್ಕೆ ಆಗುದಿಲ್ಲ" ಅಂದರು.

ಗೇಟಿನ ಒಳಗೆ, ತುಳಸಿ ಕಟ್ಟೆಗೆ ಹೋಗುವ ದಾರಿಯಲ್ಲಿ, ಕಪ್ಪು ದಾರವೊಂದು ಬಿದ್ದಿತ್ತು. ಉದ್ದದ ದಾರ. ಅದರಲ್ಲಿ ಸಾಲಾಗಿ ಗಂಟುಗಳು, ಯಾರೋ ಅಳೆದು ಹಾಕಿದ ಹಾಗೆ. ಅಲ್ಲಲ್ಲಿ ಒದ್ದೆ. ಒಂದು ತುದಿಯಲ್ಲಿ ಕೂದಲಿನ ಹಾಗೆ ಎಂತದೋ ಅಂಟಿಕೊಂಡಿತ್ತು.

"ಯಾರೋ ಮಾಟ ಮಾಡಿದ್ದಾರೆ" ಅಂದರು ಅಕ್ಕ.

"ನಿಮಗೆ ಯಾರು ಮಾಡ್ತಾರೆ ಅಕ್ಕ?"

"ಮೂವತ್ತು ವರ್ಷ ಗಣಿತ ಕಲಿಸಿದ್ದೇನೆ. ಯಾರು ಬೇಕಾದ್ರೂ ಮಾಡಿಯಾರು."

ಹೌದು ಅನ್ನಿಸಿತು. ನಾನು ಕೂಡ ಅದನ್ನು ಮುಟ್ಟಲಿಲ್ಲ. ಅಕ್ಕನ ಗಂಡ ಉಪ್ಪು ತಂದು ಅದರ ಸುತ್ತ ಒಂದು ಗೆರೆ ಹಾಕಿದರು. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ ಅಂದರು. ಅಕ್ಕ ಆ ದಿನ ಅನ್ನ ಮಾಡಲಿಲ್ಲ, ಹೊರಗೆ ಬರಲಿಲ್ಲ, ಕಿಟಕಿಯಿಂದ ದಾರವನ್ನೇ ನೋಡುತ್ತ ಕೂತರು. "ಗಾಳಿ ಇಲ್ಲದೆ ಅಲ್ಲಾಡ್ತದೆ ನೋಡಿ" ಅಂದರು. ನೋಡಿದೆ. ಅಲ್ಲಾಡಿದ ಹಾಗೆ ನನಗೂ ಕಂಡಿತು. ಇದನ್ನು ಮನೆಯವರೇ ತೆಗೆಯಬಾರದು, ತಿಳಿದವರನ್ನು ಕರೆಸಿ ಅಂತ ಬೀದಿಯವರೆಲ್ಲ ಹೇಳಿದರು.

ಮಾರನೆ ದಿನ ಮಂತ್ರವಾದಿ ಬಂದರು. ಸ್ಕೂಟರಿನಲ್ಲಿ ಬಂದರು. ಹಣೆಯ ತುಂಬ ಕುಂಕುಮ, ಕೊರಳಿನ ತುಂಬ ಮಣಿ, ಕಾಲಿನಲ್ಲಿ ಹೈ ಟಾಪ್ ಶೂ. ಹಿಂದೊಮ್ಮೆ ಕಾಲು ಉಳುಕಿದ ಮೇಲೆ ಅದೇ ಆರಾಮ ಅಂತ ಅವರೇ ಹೇಳಿದರು. ಗೇಟಿನ ಹೊರಗೆ ನಿಂತು ಕಣ್ಣು ಮುಚ್ಚಿದರು. "ಈ ಬೀದಿಗೆ ನಾನು ಮೊನ್ನೆಯೂ ಬಂದಿದ್ದೆ, ಆ ಕೊನೆಯ ಮನೆಗೆ. ಆಗಲೇ ಇಲ್ಲಿ ಎಂತದೋ ಉಂಟು ಅಂತ ಮೈ ಝುಮ್ ಅಂದಿತ್ತು" ಅಂದರು. ಅಕ್ಕ ಗಂಡನ ಕೈ ಹಿಡಿದುಕೊಂಡರು.

"ಎಷ್ಟು ಗಂಟು ಉಂಟು?" ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಸುಮಾರು ಉಂಟು."

"ಇದು ಇಲ್ಲಿಯ ಕೆಲಸ ಅಲ್ಲ. ಗಡಿಯ ಆಚೆ, ಕೇರಳದ್ದು. ಮಾಡಿದವ ಸಾಮಾನ್ಯ ಮನುಷ್ಯ ಅಲ್ಲ."

ನಾನು ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದೆ. ಕೆಲಸದ ಅಭ್ಯಾಸ, ತಲೆ ತಗ್ಗಿಸಿದರೆ ಕಣ್ಣು ಎದುರಿನವರ ಶೂಗೆ ಹೋಗುತ್ತದೆ. ಮಂತ್ರವಾದಿಯ ಬಲಗಾಲಿನ ಶೂಗೆ ಕಪ್ಪು ಲೇಸು. ಪ್ರತಿ ತೂತಿನ ಹತ್ತಿರ ಒಂದೊಂದು ಗಂಟು. ಕೆಳಗೆ ಸಡಿಲ, ಮೇಲೆ ಬಿಗಿ ನಿಲ್ಲಬೇಕು ಅಂತ ಇದ್ದವರು ಹಾಗೆ ಕಟ್ಟುತ್ತಾರೆ, ಕಾಲು ಉಳುಕಿದವರಿಗೆ ಒಳ್ಳೆಯದು. ಎಡಗಾಲಿನ ಶೂಗೆ ಲೇಸು ಇರಲಿಲ್ಲ. ಅಂಗಡಿಯ ಪೊಟ್ಟಣ ಕಟ್ಟುವ ಪ್ಲಾಸ್ಟಿಕ್ ಹಗ್ಗ ಇತ್ತು. ಬೀದಿಯ ಕೊನೆಯ ಮನೆಯಲ್ಲಿ ಒಂದು ನಾಯಿ ಉಂಟು. ಅದಕ್ಕೆ ಹೊರಗೆ ಬಿಟ್ಟ ಚಪ್ಪಲಿ, ಶೂ ಎಂದರೆ ಪ್ರಾಣ.

ನಾನು ಬಾಯಿ ತೆರೆಯುವ ಮೊದಲೇ ಅವರು ಕಣ್ಣು ತೆರೆದು, ಉಪ್ಪಿನ ಗೆರೆಯ ಒಳಗೆ ನೋಡಿದರು. ಬಗ್ಗಿ ನೋಡಿದರು. ಮುಖದ ಬಣ್ಣ ಬದಲಾಯಿತು. ನನ್ನ ಕಡೆ ನೋಡಿದರು. ನಾನು ಅವರ ಎಡಗಾಲು ನೋಡುತ್ತಿದ್ದೆ. ಅವರು ಮೆಲ್ಲನೆ ಆ ಕಾಲನ್ನು ಇನ್ನೊಂದರ ಹಿಂದೆ ಸರಿಸಿದರು. ಆಮೇಲೆ ದಾರವನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಜೇಬಿಗೆ ಹಾಕಿದರು.

"ಅಮ್ಮಾ, ಇದನ್ನು ಸುಡುವುದು, ಹೊಳೆಗೆ ಬಿಡುವುದು ಎಲ್ಲ ಬೇಡ. ಬಹಳ ಶಕ್ತಿ ಉಂಟು ಇದಕ್ಕೆ. ನಾನೇ ತೆಗೆದುಕೊಂಡು ಹೋಗಿ ಕಟ್ಟುತ್ತೇನೆ."

ನೆಟ್ಟಣ ಸ್ಟೇಷನ್ನಿನಲ್ಲಿ

ಸುಬ್ರಹ್ಮಣ್ಯಕ್ಕೆ ಹೋಗುವವರು ರೈಲು ಇಳಿಯುವುದು ನೆಟ್ಟಣದಲ್ಲಿ. ಸುತ್ತ ಕಾಡು. ರೈಲು ಹೋದ ಮೇಲೆ ಅಲ್ಲಿ ನಮ್ಮ ಉಸಿರು ನಮಗೇ ಕೇಳುತ್ತದೆ. ಮಳೆ ಬಿಟ್ಟ ಒಂದು ಮಧ್ಯಾಹ್ನ, ಮಂಗಳೂರಿಗೆ ಹೋಗಲು ನಾನು ಅಲ್ಲಿ ಕಾಯುತ್ತಿದ್ದೆ. ಮಂಜು ಹಳಿಯ ತನಕ ಇಳಿದಿತ್ತು.

ಪ್ಲಾಟ್‌ಫಾರಂನ ಅಂಚಿನಲ್ಲಿ ಒಂದು ಜೊತೆ ಹೈ ಟಾಪ್ ನಿಂತಿತ್ತು. ಬಿದ್ದಿರಲಿಲ್ಲ, ನಿಂತಿತ್ತು. ಎರಡೂ ಮೂತಿ ಹಳಿಯ ಕಡೆಗೆ. ಮನುಷ್ಯ ಇಲ್ಲ.

ಹತ್ತಿರ ಹೋಗಿ ನೋಡಿದೆ. ಲೇಸು ಕೆಳಗಿನ ತೂತಿನಿಂದ ಮೇಲಿನ ತೂತಿನವರೆಗೆ ಬಿಗಿಯಾಗಿ ಎಳೆದು, ಮೇಲೆ ಎರಡು ಗಂಟು ಹಾಕಿತ್ತು. ಒಳಗೆ ಕೈ ಇಟ್ಟೆ. ಇನ್ನೂ ಬೆಚ್ಚಗಿತ್ತು!

ಚಹಾ ಮಾರುವವರನ್ನು ಕೇಳಿದೆ. "ಯಾರೂ ಬಿಟ್ಟದ್ದು ನಾನು ನೋಡ್ಲಿಲ್ಲ. ನೋಡುವಾಗ ನಿಂತಿತ್ತು" ಅಂದರು. ರೈಲು ಕಾಯುತ್ತಿದ್ದ ನಾಲ್ಕಾರು ಜನ ಸೇರಿದರು. ಬಿಚ್ಚಿಟ್ಟು ಎಲ್ಲಿಗೋ ಹೋಗಿರಬೇಕು ಅಂತ ಒಬ್ಬರು ಧೈರ್ಯ ಹೇಳಿದರು. ಅಲ್ಲಿ ನಾನು ಸುಮ್ಮನಿರಬೇಕಿತ್ತು.

"ಬಿಚ್ಚಲಿಕ್ಕೆ ಸಾಧ್ಯವೇ ಇಲ್ಲ" ಅಂದೆ. "ನಾನು ಶೂ ಮಾರುವವನು, ನನಗೆ ಗೊತ್ತು. ಇಷ್ಟು ಬಿಗಿ ಕಟ್ಟಿದ ಹೈ ಟಾಪಿನಿಂದ ಕಾಲು ಹೊರಗೆ ಬರುವುದಿಲ್ಲ. ಹಿಮ್ಮಡಿ ಹಾಯುವುದಿಲ್ಲ. ಗಂಟು ಬಿಚ್ಚಲೇಬೇಕು. ಬಿಚ್ಚಿದವರು ಖಾಲಿ ಶೂವನ್ನು ಪುನಃ ಯಾಕೆ ಕಟ್ಟುತ್ತಾರೆ?"

"ಹಾಗಾದ್ರೆ ಹಾಕಿದವರು?" ಅಂದರು ಚಹಾದವರು.

"ಅದೇ" ಅಂದೆ.

ಕಾಡಿನ ಕಡೆಯಿಂದ ಜೀರುಂಡೆ ಕೂಗುವುದು ಒಮ್ಮೆಲೇ ನಿಂತಿತು. ಒಬ್ಬ ಅಜ್ಜಿ ಸುಬ್ರಹ್ಮಣ್ಯ ದೇವರ ಹೆಸರು ಹೇಳಲು ಸುರು ಮಾಡಿದರು. ಚಹಾದವರು ಮೆಲ್ಲ ಅಂಚಿಗೆ ಹೋಗಿ, ಒಂದು ಕಣ್ಣು ಮುಚ್ಚಿಕೊಂಡು, ಹಳಿಯ ಮೇಲೆ ಬಗ್ಗಿ ನೋಡಿದರು. ಏನೂ ಇರಲಿಲ್ಲ. ಏನಾದರೂ ಇದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಹಿಂದಿನಿಂದ ಒಂದು ಹೆಣ್ಣು ಸ್ವರ ಬಂತು. "ಅಂಕಲ್, ನನ್ನ ಶೂ ಹತ್ತಿರ ಏನ್ ಮಾಡ್ತಿದ್ದೀರಾ?"

ಬೆಟ್ಟ ಹತ್ತಿ ಇಳಿದು ಬಂದ ಬೆಂಗಳೂರಿನ ಹುಡುಗಿ. ಬರಿಗಾಲು, ಕಾಲಿನ ತುಂಬ ಉಪ್ಪು. ಜಿಗಣೆ ಕಚ್ಚಿತ್ತಂತೆ, ನಳ್ಳಿಯ ಹತ್ತಿರ ತೊಳೆಯಲು ಹೋಗಿದ್ದಳು. ಬಂದವಳೇ ಕೂತು, ಶೂವಿನ ಒಳಮಗ್ಗುಲಿಗೆ ಕೈ ಹಾಕಿ, ಸರ್ರನೆ ಜಿಪ್ ಎಳೆದಳು. ಕಾಲು ತೂರಿಸಿದಳು. ಸರ್ರನೆ ಮುಚ್ಚಿದಳು. ಲೇಸು ಮುಟ್ಟಲೇ ಇಲ್ಲ. ಅದು ಬರೀ ಚಂದಕ್ಕೆ.

ಅವಳು ಹೋದ ಮೇಲೆ ಚಹಾದವರು ನನ್ನನ್ನು ತುಂಬಾ ಹೊತ್ತು ನೋಡಿದರು.

"ನೀವು ಶೂ ಮಾರುದು ಅಂತ ಅಲ್ವಾ ಹೇಳಿದ್ದು?"

"ಇಲ್ಲಪ್ಪ" ಅಂದೆ. "ಕೊಡೆ."

ಬೆಲ್ಲ ನೀರು

ಸುಳ್ಯದಲ್ಲಿ ನನಗೆ ಬೇಕಾದ ಅಂಗಡಿಯವರೊಬ್ಬರಿದ್ದಾರೆ. ಮನೆ ಹಿಂದೆ, ಅಂಗಡಿ ಮುಂದೆ. ಮನೆಯಲ್ಲಿ ಅವರು, ಅವರ ಅವ್ವ. ಅಪ್ಪ ಮಿಲಿಟರಿಯಲ್ಲಿದ್ದವರು, ನಿವೃತ್ತರಾಗಿ ಬಂದು ಅಂಗಡಿ ಹಾಕಿ, ಆಮೇಲೆ ತೀರಿಕೊಂಡರು. ಅವರ ಫೋಟೊ ಗಲ್ಲಾಪೆಟ್ಟಿಗೆಯ ಮೇಲೆ ಉಂಟು. ದೊಡ್ಡ ಮೀಸೆ. ಫೋಟೊದಲ್ಲಿಯೂ ನಮ್ಮ ತಪ್ಪು ಹುಡುಕುವ ಕಣ್ಣು.

ನಾನು ಅಲ್ಲಿ ಶೋಕೇಸಿನ ಮೇಲೆ ಇಡಲು ಒಂದು ಹೈ ಟಾಪ್ ಕೊಟ್ಟಿದ್ದೆ. ಲೇಸು ಹುಡುಗರು ಇಷ್ಟಪಡುವ ಹಾಗೆ, ಕತ್ತರಿ ಹಾಯಿಸಿ, ಮೇಲೆ ಸಡಿಲ ಬಿಟ್ಟು ಕಟ್ಟಿ ತೋರಿಸಿದ್ದೆ. ಮುಂದಿನ ಸಲ ಹೋದಾಗ ಅಂಗಡಿಯವರು ನನ್ನನ್ನು ಒಳಗೆ ಕರೆದು, ಬಾಗಿಲು ಎಳೆದುಕೊಂಡರು. ಮುಖ ಬಾಡಿತ್ತು.

"ಒಂದು ವಿಷಯ ಉಂಟು. ಯಾರ ಹತ್ರವೂ ಹೇಳ್ಬೇಡಿ. ಅಪ್ಪ ಬರ್ತಾರೆ."

"ಎಲ್ಲಿಗೆ?"

"ಅಂಗಡಿಗೆ. ನಾನು ಸಂಜೆ ಬಾಗಿಲು ಹಾಕುವಾಗ ಲೇಸು ನೀವು ಕಟ್ಟಿದ ಹಾಗೆ ಉಂಟು. ಬೆಳಿಗ್ಗೆ ಬಂದು ನೋಡುವಾಗ ಅಡ್ಡಡ್ಡ! ಮೆಟ್ಟಿಲಿನ ಹಾಗೆ, ಒಂದು ಕಡೆಯೂ ಸೊಟ್ಟ ಇಲ್ಲ. ಮಿಲಿಟರಿ ಬೂಟಿಗೆ ಕಟ್ಟುವುದು ಹಾಗೇ. ನಾನು ಬಿಚ್ಚಿ ಮೊದಲಿನ ಹಾಗೆ ಕಟ್ಟುತ್ತೇನೆ. ಮರುದಿನ ಪುನಃ ಅಡ್ಡ."

"ಅವ್ವನಿಗೆ ಗೊತ್ತುಂಟಾ?"

"ಅಯ್ಯೋ ಬೇಡ. ಅವರು ಬೆಳ್ಳಂಬೆಳಿಗ್ಗೆ ಅಂಗಡಿಗೆ ಬಂದು ಫೋಟೊದ ಎದುರು ದೀಪ ಇಟ್ಟು ಹೋಗ್ತಾರೆ. ಗೊತ್ತಾದ್ರೆ ಆ ಧೈರ್ಯವೂ ಹೋಗ್ತದೆ. ಪಾಪ, ಅವ್ವ ಜೀವನದಲ್ಲಿ ಶೂ ಮುಟ್ಟಿದವರಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಅಪ್ಪನಿಗೆ ಏನೋ ಬೇಸರ ಉಂಟು, ಅದಕ್ಕೇ ಬರುವುದು ಅಂತ ಅವರ ಎಣಿಕೆ. ಹಿರಿಯರಿಗೆ ಎಲೆ ಹಾಕಿ ಕೋಳಿ, ರೊಟ್ಟಿ ಬಡಿಸಿ ಕೈ ಮುಗಿದಿದ್ದಾರೆ. ಆದರೂ ಬರುವುದು ನಿಂತಿಲ್ಲ.

ನಾನು ಮರುದಿನ ಮೊದಲ ಬಸ್ಸಿಗೇ ಸುಳ್ಯಕ್ಕೆ ಹೋದೆ. ಬೆಳಕು ಹರಿಯುತ್ತಿತ್ತು. ನಾವಿಬ್ಬರೂ ಶೂ ಪೆಟ್ಟಿಗೆಗಳ ಅಟ್ಟಿಯ ಹಿಂದೆ ಕೂತೆವು. ಶೋಕೇಸಿನ ಮೇಲೆ ಆ ಶೂ. ಫೋಟೊದ ಕಣ್ಣು ನಮ್ಮ ಮೇಲೆ. ಅಂಗಡಿಯವರ ಹಲ್ಲು ಕಟಕಟ ಅನ್ನುತ್ತಿತ್ತು, ನಾನು ಅವರ ದವಡೆ ಹಿಡಿದುಕೊಂಡೆ.

ಹಿಂದಿನ ಬಾಗಿಲು ತಾನಾಗಿ ತೆರೆದ ಹಾಗೆ ತೆರೆಯಿತು. ಒಳಗೆ ಬಂದದ್ದು ಅವ್ವ. ಒಂದು ಕೈಯಲ್ಲಿ ಎಣ್ಣೆ, ಒಂದು ಕೈಯಲ್ಲಿ ಲೋಟ. ದೀಪ ಹಚ್ಚಿದರು. ಲೋಟವನ್ನು ಫೋಟೊದ ಎದುರಿಗಿಟ್ಟರು. ಆಮೇಲೆ ಶೂವಿನ ಕಡೆ ತಿರುಗಿ, ಸೊಂಟದ ಮೇಲೆ ಕೈ ಇಟ್ಟು ಫೋಟೊಕ್ಕೆ ಹೇಳಿದರು, "ಇವತ್ತೂ ಬಿಚ್ಚಿದ್ದೀರಲ್ಲಾ! ರಜೆಗೆ ಬಂದಾಗಲೆಲ್ಲ ನಾನು ಬೂಟಿನ ಲೇಸು ಕಟ್ಟಿದ್ದು ಸರಿ ಆಗ್ಲಿಲ್ಲ ಅಂತ ಬಿಚ್ಚಿ ಬಿಚ್ಚಿ ಹಾಕ್ತಿದ್ರಿ. ಸತ್ತ ಮೇಲೂ ನನ್ನ ಕೆಲಸ ನಿಮಗೆ ಸರಿ ಬರುದಿಲ್ವಾ?"

ಹಾಗೆ ಹೇಳುತ್ತಲೇ ಕೂತು, ನೋಡದೆಯೇ ಚಕಚಕನೆ ಅಡ್ಡಡ್ಡ ಕಟ್ಟತೊಡಗಿದರು. ಮಧ್ಯೆ ಒಮ್ಮೆ ಮೂಗು ಒರೆಸಿಕೊಂಡರು.

ಅಂಗಡಿಯವರಿಗೆ ತಡೆಯಲಿಲ್ಲ. "ಅವ್ವಾ!" ಅಂತ ಎದ್ದರು. ಪೆಟ್ಟಿಗೆಗಳ ಅಟ್ಟಿ ಧಡಧಡ ಬಿತ್ತು. ಅವ್ವ ಕಿರುಚಿದ್ದಕ್ಕೆ ಎದುರಿನ ಹೋಟೆಲಿನವರು ಓಡಿ ಬಂದರು. ತಾಯಿಗೆ ನೀರು ಕುಡಿಸಿ, ಗಾಳಿ ಹಾಕಿ, ವಿಷಯ ಬಿಡಿಸಿ ಹೇಳುವಾಗ ತುಂಬಾ ಹೊತ್ತಾಯಿತು. ಮಗ ಹೆದರಬಾರದು ಅಂತ ತಾಯಿ ಹೇಳಿಲ್ಲ, ತಾಯಿ ಹೆದರಬಾರದು ಅಂತ ಮಗ ಹೇಳಿಲ್ಲ. ಇಬ್ಬರೂ ಒಬ್ಬರು ಕಟ್ಟಿದ್ದನ್ನು ಒಬ್ಬರು ಬಿಚ್ಚುತ್ತ, ದಿನಾ ಸತ್ತವರನ್ನು ಕರೆಸಿಕೊಳ್ಳುತ್ತಿದ್ದರು.

ಅವ್ವ ಕೊನೆಗೆ ಕೇಳಿದರು, "ಹಾಗಾದ್ರೆ ನಾನು ದಿನಾ ಅವರಿಗೆ ಇಡ್ತಿದ್ದ ಬೆಲ್ಲ ನೀರು? ಮರುದಿನ ಲೋಟ ಖಾಲಿ ಇರ್ತಿತ್ತಲ್ಲ?"

"ನೀವು ನನಗೆ ಇಟ್ಟದ್ದು ಅಂತ ನಾನು ಕುಡಿದೆ ಅವ್ವ."

ಅವ್ವ ಫೋಟೊವನ್ನು ನೋಡಿ ದೊಡ್ಡ ನಿಟ್ಟುಸಿರು ಬಿಟ್ಟರು.

"ನಾನೊಬ್ಬಳು. ಸತ್ತ ಮೇಲಾದ್ರೂ ರಮ್ ಬಿಟ್ರು ಅಂತ ಇಷ್ಟು ದಿನ ಖುಷಿಯಲ್ಲಿದ್ದೆ."

ಬಿಗಿ ಆಯ್ತಾ?

ಕಡಬದ ಕಡೆ, ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆಸಿದ ಕ್ರೈಸ್ತ ಮನೆಗಳು ಸುಮಾರು ಉಂಟು. ಅಂಥ ಒಂದು ಮನೆಯ ಹಿರಿಯರನ್ನು ನಾನು ಚೇಟ ಅಂತ ಕರೆಯುತ್ತಿದ್ದೆ, ಅವರ ಹೆಂಡತಿಯನ್ನು ಚೇಚಿ ಅಂತ. ಮಲಯಾಳದಲ್ಲಿ ಅಣ್ಣ, ಅಕ್ಕ ಅಂದ ಹಾಗೆ. ಸಕ್ಕರೆ ಕಾಯಿಲೆಯಿಂದ ಚೇಟನ ಪಾದ ಬಾತು, ಯಾವ ಚಪ್ಪಲಿಯೂ ಹಿಡಿಯದೆ, ಅವರು ಭಾನುವಾರ ಇಗರ್ಜಿಗೆ ಹೋಗುವುದನ್ನೇ ಬಿಟ್ಟಿದ್ದರು. ಒಂದು ದಿನ ಅಂಗಡಿಯಲ್ಲಿ ನನಗೆ ಸಿಕ್ಕಿದರು. ನಾನು ಅಗಲದ ಒಂದು ಹೈ ಟಾಪ್ ತೆಗೆದು, ಬಾತಿರುವ ಜಾಗದ ಮೇಲೆ ಲೇಸನ್ನು ಹಾಯಿಸದೆ, ಎರಡು ಬದಿಯಲ್ಲಿ ನೆಟ್ಟಗೆ ಮೇಲೆ ಕೊಂಡುಹೋಗಿ, ಕಾಲಿನ ಗಂಟಿನ ಹತ್ತಿರ ಮಾತ್ರ ಕಟ್ಟಿದೆ. ಚೇಟ ಎದ್ದು ನಿಂತರು. ನಡೆದರು. ಬೀದಿ ದಾಟಿ ಹೋಗಿ, ಆಚೆಯಿಂದ ನನಗೆ ಕೈ ಬೀಸಿದರು.

ಆಮೇಲೆ ನಾನು ಕಡಬಕ್ಕೆ ಹೋದಾಗಲೆಲ್ಲ ಅವರು ಅಂಗಡಿಗೆ ಬಂದು ಕಾಲು ಚಾಚುವರು. ನಾನು ಕಟ್ಟಿ, "ಬಿಗಿ ಆಯ್ತಾ ಚೇಟ?" ಅಂತ ಕೇಳುವುದು. ಅವರು, "ಸ್ವಲ್ಪ ಬಿಗಿ ಉಂಟು. ಬೆರಳಿಗೆ ತಾಗ್ತದೆ" ಅಂತ ಹೇಳಿ, ಗಂಟಲಿನಲ್ಲಿ ಒಂದು ಸಣ್ಣ ಕೆಮ್ಮು ಕೆಮ್ಮುವುದು. ಎಷ್ಟು ಸಡಿಲ ಕಟ್ಟಿದರೂ ಅದೇ ಉತ್ತರ. ನಾನು ಒಂಚೂರು ಸಡಿಲಿಸಿದ ಹಾಗೆ ಮಾಡುವುದು, ಅವರು "ಈಗ ಸರಿ" ಅನ್ನುವುದು.

ಚೇಟ ತೀರಿಕೊಂಡ ದಿನ ಅವರ ಮಗ ನನಗೆ ಫೋನ್ ಮಾಡಿದ. ಅವರಲ್ಲಿ ಸತ್ತವರಿಗೆ ಕೋಟು, ಶೂ ಎಲ್ಲ ಹಾಕಿ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಮಗ ಮಿರಮಿರ ಮಿಂಚುವ ಕಪ್ಪು ಚರ್ಮದ ಶೂ ತಂದಿದ್ದ. ಬಾತ ಪಾದ ಅದರೊಳಗೆ ಹೋಗಲಿಲ್ಲ. ಚೇಚಿ, "ಅವರ ಶೂವೇ ಹಾಕಿ" ಅಂದರು. "ಅಮ್ಮ, ಅದು ಆಟಕ್ಕೆ ಹೋಗುವ ಶೂ. ಪಾದ್ರಿಯವರು ಎಂತ ಎಣಿಸಿಯಾರು?" ಅಂತ ಮಗ ಹೇಳಿದ್ದಕ್ಕೆ ಚೇಚಿ, "ದೇವರ ಹತ್ತಿರ ನಡೆದು ಹೋಗಬೇಕಾದ್ದು ಅವರು. ನೀನೂ ಅಲ್ಲ, ಪಾದ್ರಿಯವರೂ ಅಲ್ಲ" ಅಂದರಂತೆ. ಆದರೆ ಆ ಲೇಸು ಕಟ್ಟುವ ಕ್ರಮ ಮನೆಯಲ್ಲಿ ಯಾರಿಗೂ ಬರಲಿಲ್ಲ.

ನಾನು ಹೋದೆ. ಹೋಗುವ ದಾರಿಯಿಡೀ ಅಳು ಬರುತ್ತಿತ್ತು. ಚಾವಡಿಯ ನಡುವೆ ಪೆಟ್ಟಿಗೆ, ತಲೆಯ ಹತ್ತಿರ ಮೊಂಬತ್ತಿ, ಗೋಡೆಯ ಬದಿಯಲ್ಲಿ ಕೂತ ಹೆಂಗಸರು ಸಣ್ಣ ಸ್ವರದಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ಹಗಲೇ ಆದರೂ ಕಿಟಕಿಗೆ ಪರದೆ ಎಳೆದಿದ್ದರಿಂದ ಒಳಗೆ ಮಬ್ಬು. ಹೂವಿನ ವಾಸನೆ, ಮೇಣದ ವಾಸನೆ. ನಾನು ಯಾರ ಮುಖವನ್ನೂ ನೋಡದೆ, ನೇರ ಹೋಗಿ ಚೇಟನ ಕಾಲ ಬುಡದಲ್ಲಿ ಮೊಣಕಾಲೂರಿದೆ. ನನ್ನ ಹಿಂದೆ ಯಾರೆಲ್ಲ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಪಾದ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು, ಮರದ ಹಾಗೆ ಗಟ್ಟಿ. ಮಗ ಹಿಡಿದುಕೊಂಡ, ನಾನು ಎಡಗಾಲಿಗೆ ಶೂ ಏರಿಸಿದೆ. ಬದಿಯಿಂದ ಲೇಸು ಮೇಲೆ ತಂದೆ. ಕಾಲಿನ ಗಂಟಿನ ಹತ್ತಿರ ಮೆಲ್ಲ ಎಳೆದು ಕಟ್ಟಿದೆ. ಅಷ್ಟೇ ಮಾಡಿ ಏಳಬೇಕಿತ್ತು. ಆದರೆ ವರ್ಷಗಳ ಅಭ್ಯಾಸ, ನಾಲಗೆ ನನ್ನ ಮಾತು ಕೇಳಲಿಲ್ಲ.

"ಬಿಗಿ ಆಯ್ತಾ ಚೇಟ?" ಅಂದೆ.

"ಸ್ವಲ್ಪ ಬಿಗಿ ಉಂಟು. ಬೆರಳಿಗೆ ತಾಗ್ತದೆ."

ಚೇಟನದ್ದೇ ಸ್ವರ. ಗಂಟಲಿನಲ್ಲಿ ಅದೇ ಸಣ್ಣ ಕೆಮ್ಮು.

ನಾನು ಹೇಳುವುದನ್ನು ನೀವು ನಂಬಬೇಕು. ನನ್ನ ಕೈ ತಾನಾಗಿಯೇ ಹೋಗಿ ಗಂಟು ಸಡಿಲಿಸಿತು. ಸಡಿಲಿಸಿ ಮುಗಿದ ಮೇಲೆ ತಲೆಗೆ ವಿಷಯ ಮುಟ್ಟಿತು. ಚೇಟನ ಮುಖ ನೋಡಿದೆ. ಕಣ್ಣು ಮುಚ್ಚಿಯೇ ಇತ್ತು. ತುಟಿಯ ಕೊನೆ ಒಂಚೂರು ಮೇಲಕ್ಕೆ ಎದ್ದ ಹಾಗೆ ಕಂಡಿತು.

"ಈಗ ಸರಿ" ಅಂದಿತು ಆ ಸ್ವರ.

ನಾನು ಹಿಂದಕ್ಕೆ ಹಾರಿದೆ. ಹಾರಿದವನು ನೆಲಕ್ಕೆ ಬೀಳಲಿಲ್ಲ, ಯಾರದ್ದೋ ತೊಡೆಯ ಮೇಲೆ ಬಿದ್ದೆ. ತಿರುಗಿ ನೋಡುತ್ತೇನೆ, ಚೇಟ! ಅದೇ ಮೂಗು, ಅದೇ ಬೋಳು ತಲೆ, ನನ್ನಷ್ಟೇ ಹೆದರಿದ ಕಣ್ಣು. ನಾನು ಹಾಕಿದ ಬೊಬ್ಬೆಗೆ ಪ್ರಾರ್ಥನೆ ನಿಂತಿತು. ಒಂದು ಮೊಂಬತ್ತಿ ಆರಿತು.

ಮಗನೇ ಬಂದು ನನ್ನನ್ನು ಎತ್ತಿದ. "ಹೆದರ್ಬೇಡಿ, ಇದು ಅಪ್ಪನ ತಮ್ಮ. ಈಗಷ್ಟೇ ಕೇರಳದಿಂದ ಬಂದದ್ದು."

ಆದದ್ದು ಇಷ್ಟು. ಸುದ್ದಿ ಸಿಕ್ಕಿದ ಗಾಬರಿಯಲ್ಲಿ ಈ ತಮ್ಮ, ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿಯಲ್ಲೇ ಹೊರಟು ಬಂದಿದ್ದರು. ಆ ಹೊಸ ಕಪ್ಪು ಶೂ ಹೇಗೂ ಉಳಿದಿತ್ತು. ಇಗರ್ಜಿಗೆ ಹೋಗುವಾಗ ಹಾಕಿಕೊಳ್ಳಲಿ ಅಂತ ಚೇಟನ ಸೊಸೆ ನನ್ನ ಬೆನ್ನ ಹಿಂದೆಯೇ ಅವರನ್ನು ಕೂರಿಸಿ, ಕಾಲಿಗೆ ಅದನ್ನು ಏರಿಸಿ, ಲೇಸು ಕಟ್ಟುತ್ತಿದ್ದಳು. ಬಾಲ್ಯವನ್ನೆಲ್ಲ ಅಣ್ಣನ ಜೊತೆ ಇದೇ ಊರಿನಲ್ಲಿ ಕಳೆದವರು, ಅಣ್ಣನದ್ದೇ ಸ್ವರ, ಅಣ್ಣನದ್ದೇ ಮಾತು. ಯಾರೋ "ಬಿಗಿ ಆಯ್ತಾ ಚೇಟ" ಅಂತ ಕೇಳಿದರು, ತನ್ನನ್ನೇ ಕೇಳಿದ್ದು ಅಂತ ಎಣಿಸಿ ಅವರು ಇದ್ದದ್ದನ್ನು ಹೇಳಿದರು. ಸೊಸೆ ಸಡಿಲಿಸಿ ಬದಿಗೆ ಸರಿದಳು, ಅವರು ಸರಿ ಅಂದರು.

ಚಾವಡಿಯಲ್ಲಿ ಯಾರಿಗೂ ಎಂತ ಮಾಡಬೇಕು ಅಂತ ತಿಳಿಯಲಿಲ್ಲ. ಆಗ ಪೆಟ್ಟಿಗೆಯ ತಲೆಯ ಹತ್ತಿರದಿಂದ ಒಂದು ವಿಚಿತ್ರ ಸದ್ದು ಬಂತು. ಚೇಚಿ ಮುಖಕ್ಕೆ ಸೆರಗು ಒತ್ತಿಕೊಂಡು ಅಲುಗಾಡುತ್ತಿದ್ದರು. ಅಳುತ್ತಿದ್ದಾರೆ ಅಂತ ಎಣಿಸಿ ಸೊಸೆ ಓಡಿದಳು. ಸೆರಗು ಸರಿಯಿತು. ನಗುತ್ತಿದ್ದರು. ಕಣ್ಣಲ್ಲಿ ನೀರು ಹರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ತಮ್ಮನೂ ನಕ್ಕರು, ಮಗನೂ ನಕ್ಕ. ಪ್ರಾರ್ಥನೆಯ ಹೆಂಗಸರು ಪುಸ್ತಕದಿಂದ ಮುಖ ಮುಚ್ಚಿಕೊಂಡರು.

ನಾನು ಎರಡನೇ ಶೂ ಎತ್ತಿಕೊಂಡು ಪುನಃ ಮೊಣಕಾಲೂರಿದೆ. ಚೇಚಿ ಕಣ್ಣೊರೆಸಿಕೊಂಡು ನನ್ನ ಪಕ್ಕ ಬಂದು, ಹೆಗಲ ಮೇಲೆ ಕೈ ಇಟ್ಟರು.

"ಮಾರಾಯ್ರೆ, ಒಂದು ಉಪಕಾರ ಮಾಡಿ. ಇದನ್ನು ಕಟ್ಟುವಾಗ ಅವರ ಹತ್ತಿರ ಏನೂ ಕೇಳ್ಬೇಡಿ."